ಸಾಹೇಬರ ಎರಡು ಪತ್ರಗಳು

ಕೇಳಿ ಗೆಳೆಯರೇ, ಇವತ್ತು ರಾಯಾಪುರದ ನಮ್ಮ ಕಾರ್ಖಾನೆಯ ಮಾಲೀಕರು ನನ್ನಿಂದ ಎರಡು ಪತ್ರ ಟೈಪ್ ಮಾಡಿಸಿದರು. ಮೊದಲನೆಯದು ಸರ್ಕಾರಕ್ಕೆ: ಬೆಲೆಗಳು ಅಷ್ಟೇನೂ ಏರಿಲ್ಲ, ಕನಿಷ್ಠ ವೇತನ ಹೆಚ್ಚಿಸಬೇಡಿ. ಎರಡನೆಯದು ಅವರದೇ ಚಾಳಿನ ಸಾಲುಮನೆಗಳಲ್ಲಿ ಬಾಡಿಗೆಗಿರುವ ನಮ್ಮ ಕಾರ್ಮಿಕರಿಗೆ: ಬೆಲೆಗಳು ವಿಪರೀತ ಏರಿವೆ, ಮುಂದಿನ ತಿಂಗಳಿಂದ ಬಾಡಿಗೆ ಜಾಸ್ತಿ.

"ಸಾಹೇಬ್ರ, ತುಟ್ಟಿ ಆಗೇತೋ ಇಲ್ಲೋ? ಒಂದ ಹೇಳ್ರಿ," ಎಂದೆ.

"ತುಟ್ಟಿ ಆಗಿದ್ದು ನಮಗವ್ವಾ, ಅವರಿಗೇನ್ ಆಗೇತಿ? ಎರಡು ರೊಟ್ಟಿ, ಖಾರ ಇದ್ರ ಸಾಕನ್ನೋ ಮಂದಿ. ಲಗೂ ಮುಗಸು," ಎಂದರು.

ಮುಗಿಸಿದೆ. ಸಾಹೇಬರು ಯಾವ ಕಾಗದವನ್ನೂ ಓದಿ ಸಹಿ ಹಾಕಿದವರಲ್ಲ. ಹಾಗಾಗಿ ಸರ್ಕಾರದ ಪತ್ರದ ಕೆಳಗೆ ‘ಲಗತ್ತು: ಒಂದು’ ಎಂದು ಸೇರಿಸಿ, ಬಾಡಿಗೆ ನೋಟಿಸಿನ ಪ್ರತಿಯನ್ನೂ ಪಿನ್ ಮಾಡಿ ಕಳಿಸಿದ್ದೇನೆ. ಅಷ್ಟು ದೊಡ್ಡ ಮನುಷ್ಯರ ಮಾತಿಗೆ ಪುರಾವೆ ಇಲ್ಲದಿದ್ದರೆ ಹೇಗೆ?