ಬೇರೆಯವರ ಮನೆಗೆ ಕೂಗಿದವಳು

ನೊಲೀನಳನ್ನು ಕಂಡರೆ ನನಗೆ ಹೊಟ್ಟೆಯುರಿ. ಮುಚ್ಚಿಡುವುದೇಕೆ, ಹನ್ನೊಂದು ವರ್ಷದಿಂದ ಉರಿಯುತ್ತಲೇ ಇದೆ. ಮೆಲ್ಬರ್ನಿನ ಒಂದೇ ಕಚೇರಿಯಲ್ಲಿ ನಮ್ಮಿಬ್ಬರದೂ ಒಂದೇ ಕೆಲಸ: ಮನೆ ಕೊಳ್ಳುವವರ ಪರ ನಿಂತು ಹರಾಜಿನಲ್ಲಿ ಬೆಲೆ ಕೂಗುವುದು. ನನ್ನ ಗಿರಾಕಿಗಳು ಕೆಲಸ ಮುಗಿದ ಮೇಲೆ ನನ್ನ ಹೆಸರನ್ನೂ ಮರೆಯುತ್ತಾರೆ. ಅವಳ ಗಿರಾಕಿಗಳು ಕ್ರಿಸ್‌ಮಸ್‌ಗೆ ಕೇಕ್ ತಂದುಕೊಡುತ್ತಾರೆ. ಅದರಲ್ಲಿ ನನಗೂ ಒಂದು ತುಂಡು ಕೊಡುತ್ತಾಳಲ್ಲ, ಅದು ಇನ್ನೂ ಉರಿ.

ಐವತ್ತೆರಡಾದರೂ ಅವಳಿಗೆ ಬಾಡಿಗೆ ಮನೆಯೇ. ಕೋಬರ್ಗ್ ಬಡಾವಣೆಯಲ್ಲಿ ನಿಂಬೆ ಗಿಡವಿದ್ದ ಒಂದು ಇಟ್ಟಿಗೆ ಮನೆಯ ಮೇಲೆ ಅವಳಿಗೆ ಆರು ವರ್ಷದಿಂದ ಕಣ್ಣು. ಅದು ಹರಾಜಿಗೆ ಬಂದ ವಾರವೇ ಅವಳ ಗಿರಾಕಿ, ನರ್ಸ್ ಡೆಸ್ಪಿನಾ, ತನಗೂ ಅದೇ ಬೇಕೆಂದಳು.

ನೊಲೀನ್ ನನ್ನೆದುರಿಗೇ ಅವಳಿಗೆ ಫೋನ್ ಮಾಡಿದಳು. “ನೋಡಿ, ಆ ಮನೆ ಮೇಲೆ ನನಗೂ ಆಸೆ ಇದೆ. ಬೇರೆ ಯಾರನ್ನಾದ್ರೂ ಗೊತ್ತುಮಾಡ್ಕೊಳ್ಳಿ.”

“ಇಷ್ಟು ನೇರವಾಗಿ ಹೇಳಿದ್ರಲ್ಲ, ನೀವೇ ಕೂಗಿ,” ಎಂದಳು ಡೆಸ್ಪಿನಾ.

“ನಿಂಗೇನು ಹುಚ್ಚಾ, ಮಾರಾಯ್ತಿ?” ಎಂದೆ ನಾನು, ಅವಳು ಫೋನ್ ಇಟ್ಟ ಮೇಲೆ. “ಬಾಯಿ ಮುಚ್ಕೊಂಡಿದ್ರೆ ಆಗ್ತಿತ್ತು.”

“ಆಮೇಲೆ ಅವಳ ಮುಖ ಹೇಗೆ ನೋಡ್ಲಿ, ಗ್ಲೆನಿಸ್?”

ಶನಿವಾರ ಅವಳು ಮುಗ್ಗರಿಸುವುದನ್ನು ನೋಡಲೆಂದೇ ಹೋದೆ. ಬೀದಿಯವರೆಲ್ಲ ಕಾಫಿ, ನಾಯಿ ಹಿಡಿದು ನಿಂತಿದ್ದರು. ಉಳಿದವರು ಸುಮ್ಮನಾದ ಮೇಲೆ ನೊಲೀನಳದೇ ಮೇಲಿನ ಕೂಗು. ಆಗ ಹರಾಜು ನಡೆಸುವವನು, ಇಲ್ಲಿನ ನಿಯಮದಂತೆ, ಮಾಲೀಕರ ಪರವಾಗಿ ತಾನೇ ಅದರ ಮೇಲೊಂದು ಕೂಗು ಹಾಕಿದ. ಬೆಲೆ ಸಾಲದೆ ಹರಾಜು ನಿಂತರೆ, ಕೊನೆಗೆ ಕೂಗಿದವರಿಗೇ ಒಳಗೆ ಕೂತು ಮೊದಲು ಮಾತಾಡುವ ಹಕ್ಕು. ಕೊನೆಯ ಕೂಗು ಮಾಲೀಕರದೇ ಆದರೆ ಆ ಹಕ್ಕು ಯಾರಿಗೂ ಇಲ್ಲ. ನಾಳೆ ಯಾರು ಬೇಕಾದರೂ ಹೋಗಿ ಕೇಳಬಹುದು, ನೊಲೀನ್ ಕೂಡ, ತನಗಾಗಿಯೇ.

“ಒಂದು ಸಲ. ಎರಡು ಸಲ.”

ಅವಳು ನಿಂಬೆ ಗಿಡವನ್ನೇ ನೋಡುತ್ತಿದ್ದಳು. ಸುಮ್ಮನಿರು, ಸುಮ್ಮನಿರು ಎಂದು ಒಳಗೇ ಬೇಡಿಕೊಂಡೆ. ಅವಳೂ ನನ್ನಂಥವಳೇ ಎಂದು ಗೊತ್ತಾದರೆ ಸಾಕಿತ್ತು ನನಗೆ.

ಕೈ ಎತ್ತಿದಳು. “ಇನ್ನೊಂದು ಸಾವಿರ.”

ಆ ಬೆಲೆಯೂ ಸಾಲದೆ ಹರಾಜು ಅಲ್ಲಿಗೇ ನಿಂತಿತು. ಒಳಗೆ ಹೋಗಿ ಅರ್ಧ ಗಂಟೆ ಜಗ್ಗಾಡಿ, ಡೆಸ್ಪಿನಾ ಕೊಡಲು ಒಪ್ಪಿದ್ದಕ್ಕಿಂತ ಕಡಿಮೆಗೇ ಮುಗಿಸಿ ಬಂದಳು. ಕಣ್ಣು ಕೆಂಪಾಗಿತ್ತು.

ಮಾರ್ಚಿನಲ್ಲಿ ನಾನೊಂದು ಪುಟ್ಟ ಮನೆ ಕೊಳ್ಳಲು ಹೊರಟೆ. ಎಷ್ಟರವರೆಗೆ ಕೊಡಬಲ್ಲೆ ಎಂಬುದನ್ನು ನಮ್ಮ ಕಸುಬಿನವರು ಬಾಯಿ ಬಿಡುವುದಿಲ್ಲ. ನಾನಂತೂ ಗಂಡನಿಗೂ ಹೇಳಿರಲಿಲ್ಲ. ಹೋಗಿ ನೊಲೀನಳ ಮೇಜಿನ ಮುಂದೆ ಕೂತೆ.

“ಎಷ್ಟರವರೆಗೆ ಕೂಗ್ಲಿ?” ಎಂದಳು.

ಹೊಟ್ಟೆ ಉರಿಯುತ್ತಿದ್ದಂತೆಯೇ ನಿಜ ಹೇಳಿದೆ.