ಸೈಫುದ್ದೀನ್ ತೆಗೆಯದ ಕೀಲಿ

ಮಾನ್ವಿ ಬಸ್ ನಿಲ್ದಾಣದ ಹತ್ತಿರ ಕೀಲಿಕೈ ಮಾಡಿಕೊಡುವ ಸೈಫುದ್ದೀನನ ಮೇಲೆ ಕಳವಿನ ಕೇಸು ಬಿದ್ದಿತ್ತು. ಒಬ್ಬರ ಮನೆ ಬಾಗಿಲಿನ ಕೀಲಿ ಮುರಿಯದೆಯೇ ಒಡವೆ ಹೋಗಿದ್ದವು. ತಿಂಗಳ ಹಿಂದೆ ಆ ಮನೆಗೆ ಕೀಲಿಕೈ ಮಾಡಿಕೊಟ್ಟವನು ಇವನು. ಒಡವೆ ಇವನ ಹತ್ತಿರ ಸಿಗಲಿಲ್ಲ. ಆದರೂ ಇಷ್ಟು ಸಲೀಸಾಗಿ ತೆಗೆಯಲು ಬೇರೆ ಕೈಗೆ ಆಗದು ಎಂದರು ಪೊಲೀಸರು.

ಅವನ ಹೆಂಡತಿ ಕುಬ್ರಾ ಬೇಗಂ ನಮ್ಮ ಓಣಿಯ ಗೋಪಮ್ಮನ ಹತ್ತಿರ ಬಂದಳು. ಗೋಪಮ್ಮ ಶಾಲೆಯಲ್ಲಿ ವರ್ಷಗಟ್ಟಲೆ ಬಿಸಿಯೂಟ ಬೇಯಿಸಿದವಳು. ಅಕ್ಕಿಯಲ್ಲಿ ಹುಳ ಕಂಡರೆ ಹೆಡ್‌ಮಾಸ್ತರನ್ನೇ ನಿಲ್ಲಿಸಿ ಕೇಳುವಳು. ಅವಳ ಬಾಯಲ್ಲಿ ಸುಳ್ಳು ಬರುವುದಿಲ್ಲವೆಂದು ಓಣಿಯೆಲ್ಲ ನಂಬಿತ್ತು.

“ಅಕ್ಕಾ, ಅವರ ಗುಣ ನಿಮಗ ಗೊತ್ತದಲ್ಲ. ಬಂದು ಒಂದ್ ಮಾತ್ ಹೇಳ್ರಿ.”

“ಬರ್ತೀನಿ ಬೇ. ಇದಕ್ಕೆಲ್ಲ ಕೈ ಮುಗೀಬ್ಯಾಡ.”

ರಾಯಚೂರಿನಿಂದ ಬಂದ ಸೈಫುದ್ದೀನನ ವಕೀಲರು ಗೋಪಮ್ಮನನ್ನು ಮೊದಲೇ ಎಚ್ಚರಿಸಿದ್ದರು. “ಯವ್ವಾ, ನೀವು ಅವ ಚಲೋ ಮನಿಷಾ ಅಂದಕೂಡ್ಲೆ ಸರ್ಕಾರಿ ವಕೀಲರು ಕೆಟ್ಟದ್ದು ಕೆದಕ್ತಾರ. ಕೇಳಿದಷ್ಟಕ್ಕ ಉತ್ತರ ಕೊಡ್ರಿ.”

ಕೋರ್ಟಿನಲ್ಲಿ ನಾನು ಗೋಪಮ್ಮನ ಸೊಸೆ ದಾನೇಶ್ವರಿಯ ಪಕ್ಕ ಕೂತಿದ್ದೆ. ಗೋಪಮ್ಮ ಕಟಕಟೆಯಲ್ಲಿ ನಿಂತು, ತನಗೆ ತಿಳಿದ ದೊಡ್ಡ ಹೊಗಳಿಕೆಯನ್ನೇ ಹೇಳಿಬಿಟ್ಟಳು.

“ಭಾಳ ಚಲೋ ಮನಿಷಾ ರೀ ಸಾಹೇಬ್ರ. ಕೈ ಭಾಳ ಚಾಲಾಕು. ಅವ ಮನಸು ಮಾಡಿದ್ರ ಯಾವ ಕೀಲಿನೂ ನಿಲ್ಲಂಗಿಲ್ಲ.”

ಹಿಂದೆ ಯಾರೋ ನಕ್ಕರು. ಕುಬ್ರಾ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಳು. ಸರ್ಕಾರಿ ವಕೀಲರು ಎದ್ದರು.

“ಯಾವ ಕೀಲಿನೂ ಅಂದ್ರಿ. ಕಳವಾದ ಮನಿದೂ?”

“ಹೌದ್ರಿ. ಅದೇನ್ ದೊಡ್ಡದು.”

“ಮನಸು ಮಾಡಿರಬಹುದಲ್ಲ?”

“ಮಾಡಂಗಿಲ್ರಿ.”

“ನಿಮಗ ಹೆಂಗ್ ಗೊತ್ತು? ಕಣ್ಣಾರೆ ಕಂಡದ್ದು ಏನರ ಅದ ಏನು?”

ಗೋಪಮ್ಮನ ಕಣ್ಣು ಸೊಸೆಯ ಮೇಲೆ ಬಂದು, ಸರಿದು, ಸೈಫುದ್ದೀನನ ಕಡೆ ಹೋಯಿತು. ಅವನು ಬೇಡವೆಂಬಂತೆ ಸಣ್ಣಗೆ ತಲೆಯಾಡಿಸಿದ.

“ಇಲ್ಲಂತ ಬರಕೊಳ್ಳೋದೇನು?” ಎಂದರು ಸರ್ಕಾರಿ ವಕೀಲರು.

“ಅದ ರೀ,” ಎಂದಳು ಗೋಪಮ್ಮ. “ಆರು ವರ್ಷದ ಹಿಂದ ನನ್ನ ಸೊಸಿ ದೇವದುರ್ಗಕ್ಕ ತವರಮನಿಗೆ ಹೋಗಿದ್ಲು. ಆಕಿ ಟ್ರಂಕಿನ್ಯಾಗ ಏನ್ ಮುಚ್ಚಿಟ್ಟಾಳ ನೋಡಬೇಕಂತ ಇವನ್ನ ಕರಸಿದ್ದೆ. ಕೀಲಿಕೈ ಕಳದದ ಅಂತ ಸುಳ್ಳ ಹೇಳ್ದೆ. ಇವ ಟ್ರಂಕಿನ ಮ್ಯಾಲಿನ ಹೆಸರು ಓದಿದ. ‘ಯವ್ವಾ, ಇದು ದಾನೇಶ್ವರಿದು. ಆಕಿ ಬರ್ಲಿ, ಆಕಿ ಮುಂದ ತೆಗೀತೀನಿ’ ಅಂದ. ನಾ ಬಾಯಿಗೆ ಬಂದಂಗ ಬೈದೆ. ಸಾಮಾನು ಎತ್ಕೊಂಡು ಹೋದ. ಇವತ್ತಿನತನ ಯಾರ ಮುಂದೂ ಬಾಯಿ ಬಿಟ್ಟಿಲ್ಲ.”

ದಾನೇಶ್ವರಿ ನನ್ನ ಪಕ್ಕದಿಂದ ಎದ್ದು ಹೊರಗೆ ಹೋದಳು. ಗೋಪಮ್ಮ ಬಾಗಿಲ ಕಡೆಯೇ ನೋಡುತ್ತ ಹೇಳಿಕೆಯ ಕೆಳಗೆ ಹೆಬ್ಬೆಟ್ಟು ಒತ್ತಿದಳು; ಗುರುತು ಎರಡು ಸಲ ತೆಗೆದುಕೊಂಡರು.

ನಾನೇ ಅವಳನ್ನು ಮನೆಗೆ ಕರೆತಂದೆ. ಟ್ರಂಕು ನಡುಮನೆಯಲ್ಲಿತ್ತು, ಮುಚ್ಚಳ ತೆರೆದಿತ್ತು.

“ನೋಡ್ರಿ ಅತ್ತಿ,” ಎಂದಳು ಸೊಸೆ.

ಗೋಪಮ್ಮ ಗೋಡೆಯ ಕಡೆ ತಿರುಗಿ ಕೂತಳು.

ಅಲ್ಲಿಂದ ಆ ಮನೆಯಲ್ಲಿ ಮಾತಿಲ್ಲ. ದಾನೇಶ್ವರಿ ಊಟದ ತಾಟು ಇಟ್ಟು ಹೋಗುವಳು. ಗೋಪಮ್ಮ ನಮ್ಮ ಕಟ್ಟೆಗೆ ಬಂದು, “ಹೇಳಬಾರದಿತ್ತೇನ?” ಎಂದು ಕೇಳುವಳು. ನಾನು ಬಾಯಿ ತೆರೆಯುವ ಮೊದಲೇ, “ಹೇಳದಿದ್ರ ಅವ ಜೈಲಿಗೆ ಹೋಗ್ತಿದ್ದ” ಅನ್ನುವಳು.

ಹತ್ತೊಂಬತ್ತನೇ ದಿನ ತೀರ್ಪು. ಹೋಗಲು ಗೋಪಮ್ಮನಿಗೆ ಧೈರ್ಯವಾಗಲಿಲ್ಲ; ನಮ್ಮ ಕಟ್ಟೆಯ ಮೇಲೆಯೇ ಕೂತಿದ್ದಳು. ಮಧ್ಯಾಹ್ನದ ಬಿಸಿಲಲ್ಲಿ ದಾನೇಶ್ವರಿ ಬಿರಬಿರನೆ ಓಣಿಗೆ ಬಂದಳು. ಅವಳು ಕೋರ್ಟಿಗೆ ಹೋಗಿದ್ದಳೆಂದು ನಮಗೆ ಆಗಲೇ ತಿಳಿದದ್ದು.

“ಬಿಟ್ರು ಅತ್ತಿ,” ಎಂದು ಅತ್ತೆಯ ಪಕ್ಕದಲ್ಲೇ ಕೂತಳು. “ಸೈಫುದ್ದೀನಣ್ಣನ್ನ ಬಿಟ್ರು. ಸಾಹೇಬ್ರು ನಿಮ್ಮ ಮಾತೂ ಓದಿದ್ರು. ನನ್ನ ಟ್ರಂಕಿನ ಸುದ್ದಿ ಈಗ ಸರ್ಕಾರದ ಕಾಗದದಾಗ ಅದ, ನೋಡ್ರಿ.”