ಉಪ್ಪುನೀರಿನ ಸವತಿ

ನಮ್ಮ ಬೀದಿಯ ಗಂಡಸರ ಗುಟ್ಟು ಮೊದಲು ಗೊತ್ತಾಗುವುದು ಇಸ್ತ್ರಿಯಕ್ಕನಿಗೆ. ಯಾರ ಜೇಬಿನಲ್ಲಿ ಬೀಡಿಯ ತುಂಡು, ಯಾರ ತೋಳಿನ ಮೇಲೆ ಹೆಂಡದ ಕಲೆ, ಯಾರು ಕೆಲಸಕ್ಕೆಂದು ಹೊರಟು ಇಡೀ ದಿನ ಪಾರ್ಕಿನ ಬೆಂಚಿನ ಮೇಲೆ ಕೂತು ಬಂದರು, ಎಲ್ಲವನ್ನೂ ಬಟ್ಟೆ ಕೊಡವುವಾಗಲೇ ಹೇಳಬಲ್ಲಳು. ಹೇಳುವುದಿಲ್ಲ, ಅಷ್ಟೇ. ಮೂಲೆಯಲ್ಲೊಂದು ಅಂಗಡಿ, ಒಂದು ಮೇಜು, ಅದರ ಮೇಲೆ ಅಲ್ಲಲ್ಲಿ ಸುಟ್ಟು ಕಂದಿದ ಕಂಬಳಿ. ಬಾಗಿ ಬಾಗಿ ಅವಳ ಕತ್ತು ಮುಂದಕ್ಕೆ ಬಂದುಬಿಟ್ಟಿದೆ. ಮುಂಗೈ ತುಂಬ ಇಸ್ತ್ರಿಪೆಟ್ಟಿಗೆ ಮುಟ್ಟಿದ ಗುರುತುಗಳು.

ಗಂಡ ಪಂಪು ರಿಪೇರಿಯವನು. ಪಂಪಣ್ಣ ಎಂದೇ ಎಲ್ಲರೂ ಕರೆಯುತ್ತಾರೆ. ಹಿಂದೆ ಕಾರ್ಖಾನೆಯ ಗೇಟಿನ ಮುಂದೆ ನಾವು ಸಂಘದವರು ಧರಣಿ ಕೂತಾಗ ಪೊಲೀಸರು ಲಾಠಿ ಬೀಸಿದರು. ನನ್ನ ಪಾಲಿನದು ಮೊಣಕೈಗೆ ಬಿತ್ತು, ಅವನದು ಸೊಂಟಕ್ಕೆ. ನನ್ನದು ವಾಸಿಯಾಯಿತು. ಬೇಡಿಕೆ ಅರ್ಧ ಈಡೇರಿತು, ಅವನ ಸೊಂಟ ಮಾತ್ರ ಪೂರ್ತಿ ಹೋಯಿತು. ಅಂದಿನಿಂದ ಸಂಜೆ ಅಂಗಡಿ ಮುಚ್ಚಿದ ಮೇಲೆ ಅವನನ್ನು ಚಾಪೆಯ ಮೇಲೆ ಬೋರಲು ಕೆಡವಿ ಎಣ್ಣೆ ಹಚ್ಚಿ ತಿಕ್ಕುವುದು ಅಕ್ಕನ ಕೆಲಸ. ಅವರ ಸಂಸಾರ ನಡೆದದ್ದೇ ಆ ಚಾಪೆಯ ಮೇಲೆ. ಮನೆ ಬದಲಿಸುವುದು, ಮಗಳಿಗೆ ಗಂಡು ಒಪ್ಪುವುದು, ಜಗಳ, ರಾಜಿ, ಎಲ್ಲ ತೀರ್ಮಾನವೂ ಅವನ ಬೆನ್ನಿನ ಮೇಲೆ ಆದದ್ದು. ಮುಖ ನೋಡಿ ನಾಲ್ಕು ಮಾತಾಡಲು ಬಾರದ ಮನುಷ್ಯ, ಚಾಪೆಗೆ ಮುಖ ಒತ್ತಿದನೆಂದರೆ ಹೊಟ್ಟೆಯಲ್ಲಿದ್ದುದನ್ನೆಲ್ಲ ಹೇಳುತ್ತಿದ್ದ.

ಅಂಥವನು ಒಂದು ಸಂಜೆ, "ಇವತ್ತು ಬೇಡ ಬಿಡು, ನೋವಿಲ್ಲ" ಎಂದ.

ಅಕ್ಕ ಎಣ್ಣೆಯ ಬಟ್ಟಲು ಹಿಡಿದುಕೊಂಡು ನಿಂತೇ ಇದ್ದಳು. ಮಾರನೆಯ ದಿನವೂ ಬೇಡ. ಅದರ ಮಾರನೆಯ ದಿನವೂ ಬೇಡ. ವಾರಕ್ಕೊಂದು ಸಲ ತಡವಾಗಿ ಬರತೊಡಗಿದ. ಎಲ್ಲಿಗೆ ಹೋಗಿದ್ರಿ ಎಂದರೆ ಸಂಘದ ಆಫೀಸಿಗೆ ಎನ್ನುತ್ತಿದ್ದ. ತಲೆಗೂದಲು ಒದ್ದೆ. ಮುಖದಲ್ಲಿ ಹಾಲು ಕುಡಿದ ಮಗುವಿನ ಕಳೆ. ಅವನ ಅಂಗಿಯನ್ನು ಇಸ್ತ್ರಿಗೆ ಹಾಸಿದಾಗ ಕಾಲರಿನ ಉದ್ದಕ್ಕೂ ಬಿಳಿ ಗೆರೆ ಕಂಡಿತು. ಉಗುರಿನಿಂದ ಕೆರೆದು ನಾಲಿಗೆಗೆ ಇಟ್ಟು ನೋಡಿದಳು. ಬೆವರಿನ ಉಪ್ಪಲ್ಲ. ಕಹಿ.

ಅಂಗಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನೇರ ನಾನು ಕೂತಿರುವ ಸಂಘದ ಆಫೀಸಿಗೆ ಬಂದಳು.

"ಅಣ್ಣ, ನಿಮ್ಮ ಸಂಘದಲ್ಲಿ ಈಗ ಬಂದವರಿಗೆಲ್ಲ ತಲೆಸ್ನಾನ ಮಾಡಿಸಿ ಕಳಿಸ್ತಿದ್ದೀರಾ?"

"ಇಲ್ಲಿ ನಲ್ಲೀಲಿ ನೀರು ಬಂದ್ರೆ ತಾನೆ, ಅಕ್ಕ."

"ಹಾಗಾದ್ರೆ ನಮ್ಮನೆಯವರ ತಲೆ ತೋಯಿಸ್ತಿರೋಳು ಯಾರು?"

ಅವನು ಇಲ್ಲಿಗೆ ಕಾಲಿಟ್ಟು ತಿಂಗಳುಗಳಾದವು ಎಂದೆ. ಗಂಡಸರು ಗಂಡಸರ ತಪ್ಪು ಮುಚ್ಚಿಹಾಕುವ ಒಳ ಒಪ್ಪಂದಕ್ಕೆ ನಾನು ಸಹಿ ಹಾಕಿಲ್ಲ. ಅಕ್ಕ ಅಂಗಿಯನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು.

"ಅವಳು ಚೆನ್ನಾಗಿಯೇ ತಿಕ್ತಾಳೆ ಅನ್ಸುತ್ತೆ" ಎಂದು ಎದ್ದು ಹೋದಳು.

ಅಂದು ಸಂಜೆ ಅವಳು ಅಂಗಿಯನ್ನು ಮುಂದೆ ಹಿಡಿದದ್ದೇ ಪಂಪಣ್ಣ ಬಾಯಿಬಿಟ್ಟ. ದೊಡ್ಡ ರಸ್ತೆಯ ಹಿಂದೆ ಹೊಸದಾಗಿ ತೇಲುವ ಚಿಕಿತ್ಸೆಯ ಜಾಗವೊಂದು ತೆರೆದಿದೆಯಂತೆ. ಮುಚ್ಚಳವಿರುವ ದೊಡ್ಡ ತೊಟ್ಟಿ, ಅದರೊಳಗೆ ಮೈಯಷ್ಟೇ ಬೆಚ್ಚಗಿರುವ ನೀರು, ಆ ನೀರಿಗೆ ಮೂಟೆಗಟ್ಟಲೆ ಉಪ್ಪು. ಹೊಟ್ಟೆ ಕಟ್ಟಿದವರಿಗೆ ಕೊಡುತ್ತಾರಲ್ಲ, ಆ ಕಹಿ ಉಪ್ಪು. ಅಂಗಾತ ಮಲಗಿದರೆ ಮೈ ತಾನಾಗಿ ತೇಲುತ್ತದೆ. ನೀರು ಸೋಸುವ ಪಂಪು ನೋಡಿಕೊಳ್ಳಲು ಇವನು ವಾರಕ್ಕೊಮ್ಮೆ ಹೋಗುತ್ತಾನೆ. ಕೆಲಸ ಮುಗಿದ ಮೇಲೆ ಒಂದು ಗಂಟೆ ಮಲಗಿಕೋ ಎಂದಿದ್ದಾರೆ.

"ಹೇಳೋಕೇನಾಗಿತ್ತು ರೋಗ?"

"ಲಾಠಿ ತಿಂದೋನು ಈಗ ಸಾಹುಕಾರರ ತೊಟ್ಟೀಲಿ ತೇಲ್ತಾನೆ ಅಂತ ಸಂಘದೋರು ನಗ್ತಾರೆ ಕಣೇ."

ನಗುತ್ತಿದ್ದೆವು, ಸುಳ್ಳಲ್ಲ. ಆದರೆ ಅಕ್ಕನಿಗೆ ಸಮಾಧಾನವಾಗಲಿಲ್ಲ. ಹೊಟ್ಟೆಯ ಉರಿ ಇನ್ನೂ ಹೆಚ್ಚಿತು. ಮರುದಿನ ನನ್ನ ಅಂಗಿಗೆ ಇಸ್ತ್ರಿ ತಿಕ್ಕುತ್ತಾ, "ಹೆಂಗಸಾಗಿದ್ರೆ ಜುಟ್ಟು ಹಿಡಿದು ಕೇಳಬಹುದಿತ್ತು ಅಣ್ಣ. ತೊಟ್ಟಿಗೆ ಜುಟ್ಟೆಲ್ಲಿದೆ? ಇಷ್ಟು ವರ್ಷ ನನ್ನ ಹೆಬ್ಬೆರಳು ಸವೆಸಿ ಆಗದ್ದು ಒಂದು ತೊಟ್ಟಿ ನೀರಿಂದ ಆಯ್ತಾ?" ಎಂದಳು. ಆ ದಿನ ನನ್ನ ಅಂಗಿಯ ಗುಂಡಿ ಒಂದು ಕರಗಿತು.

ಪಕ್ಕದ ಅಂಗಡಿಯ ದರ್ಜಿ ಹೆಂಗಸು ಉರಿಯುವುದಕ್ಕೆ ಎಣ್ಣೆ ಹೊಯ್ದಳು. ಅಲ್ಲಿ ಮುಚ್ಚಳ ಹಾಕಿ ಹೊರಗಿನಿಂದ ಚಿಲಕ ಹಾಕ್ತಾರಂತೆ. ನಿದ್ದೆ ಹತ್ತಿದರೆ ಮುಳುಗಿ ಸಾಯ್ತಾರಂತೆ. ಕತ್ತಲಲ್ಲಿದ್ದು ತಲೆ ಕೆಡುತ್ತಂತೆ. ಊರಿನೋರ ಕೊಳೆಯೆಲ್ಲ ಅದೇ ನೀರಲ್ಲಂತೆ. ಒಂದೊಂದು ಸಲ ಇಬ್ಬಿಬ್ಬರನ್ನ ಇಳಿಸ್ತಾರಂತೆ. ಈ ಕೊನೆಯದನ್ನು ಅವಳು ದಾರ ಹಲ್ಲಿನಲ್ಲಿ ಕಚ್ಚಿಕೊಂಡು, ತಲೆ ಎತ್ತದೆ ಹೇಳಿದಳು. ಅಕ್ಕ ಎಲ್ಲವನ್ನೂ ಮನೆಗೆ ಹೊತ್ತುಕೊಂಡು ಹೋಗಿ ಗಂಡನ ಮುಂದೆ ಸುರಿದಳು.

"ಮುಳುಗೋಕೆ ನೀರೇ ಇಲ್ಲ, ಮೊಣಕಾಲಿಗೂ ಬರಲ್ಲ" ಎಂದ ಅವನು.

"ನಿದ್ದೆ ಬಂದ್ರೆ?"

"ಬರುತ್ತೆ. ಅದಕ್ಕೇ ಹೋಗೋದು."

ಅಲ್ಲಿಗೆ ಮಾತು ಕೆಟ್ಟಿತು. ಅವಳ ಪಕ್ಕದಲ್ಲಿ ಅವನು ನೆಟ್ಟಗೆ ನಿದ್ದೆ ಮಾಡಿದ್ದು ಅವಳಿಗೆ ನೆನಪಿಲ್ಲ. ನರಳಾಟ, ಹೊರಳಾಟ, ಗೋಡೆಗೆ ಒದೆತ. ತೊಟ್ಟಿಯಲ್ಲಿ ಮಾತ್ರ ಮಹಾರಾಯನಿಗೆ ನಿದ್ದೆ. ಊಟದ ತಟ್ಟೆ ಕುಕ್ಕಿದಳು. ಇವಳ ಬಾಯಿಗೆ ಹೆದರಿ ಆ ವಾರ ಅವನು ಅಲ್ಲಿಗೆ ಹೋಗಲಿಲ್ಲ. ಹೋದದ್ದು ಅವಳು. ಸವತಿಯ ಮೋರೆ ನೋಡಿಬಿಡೋಣ ಎಂದು ಹೋದದ್ದು.

ಬಾಗಿಲಲ್ಲಿ ಕೂತಿದ್ದ ಹುಡುಗಿ ಪಂಪಣ್ಣನ ಹೆಸರು ಕೇಳಿದ್ದೇ ಹಲ್ಲು ಬಿಟ್ಟು, "ಪಂಪಣ್ಣನ ಮನೆಯವರಾ? ಅವರ ಗಂಟೆ ಇವತ್ತು ಖಾಲಿ. ನೀವೇ ಮಲಗಿ ಆಂಟಿ" ಎಂದಳು.

"ಮೊದಲು ಚಿಲಕ ತೋರಿಸು."

ಚಿಲಕ ಇರಲಿಲ್ಲ. ಮುಚ್ಚಳವನ್ನು ಅಕ್ಕ ಒಂದೇ ಕೈಯಲ್ಲಿ ಎತ್ತಿದಳು. ಇಸ್ತ್ರಿಪೆಟ್ಟಿಗೆ ಅದಕ್ಕಿಂತ ಭಾರ. ದೀಪದ ಗುಂಡಿ ಒಳಗೇ ಇತ್ತು, ಕತ್ತಲೆ ಬೇಡವೆಂದರೆ ಆರಿಸದಿದ್ದರಾಯಿತು. ಒಬ್ಬರು ಎದ್ದು ಹೋದ ಮೇಲೆ ನೀರನ್ನೆಲ್ಲ ಸೋಸಿದ ಮೇಲೆಯೇ ಇನ್ನೊಬ್ಬರು ಇಳಿಯುವುದು. ಸೋಸುವ ಯಂತ್ರದ ಮೇಲೆ ಗಂಡನ ಕೈಯ ಗ್ರೀಸಿನ ಗುರುತು ಇನ್ನೂ ಇತ್ತು.

"ಇಬ್ಬರನ್ನ ಇಳಿಸ್ತೀರಂತೆ?"

"ಒಬ್ಬರು ಕಾಲು ಚಾಚೋಕಷ್ಟೇ ಜಾಗ ಇರೋದು, ನೋಡಿ ಆಂಟಿ. ಯಾರು ಹೇಳಿದ್ರು?"

ಮೈ ತೊಳೆದು ಇಳಿದಳು. ಇಳಿದ ಕೂಡಲೇ ಮುಂಗೈಯ ಹಸಿ ಸುಟ್ಟಗಾಯ ಚುರ್ ಎಂದಿತು. ಕಣ್ಣುಜ್ಜಿಕೊಂಡಳು, ಕಣ್ಣೂ ಉರಿಯಿತು. ಹುಡುಗಿಗೆ, ಅವಳ ಏಳು ತಲೆಮಾರಿಗೆ ಬೈದಳು. ನೀರು ಮೈಯನ್ನೆಲ್ಲ ಎತ್ತಿಹಿಡಿದರೂ ಕತ್ತನ್ನು ಮಾತ್ರ ಬಿಡಲು ಬರಲಿಲ್ಲ. ಜನ್ಮವೆಲ್ಲ ಮೇಜಿನ ಮೇಲೆ ಬಾಗಿದ ಕತ್ತು ಅದು. ತಲೆ ಎಲ್ಲಿಯೋ ಬಿದ್ದುಹೋಗುತ್ತದೆಂದು ಬಿಗಿಹಿಡಿದೇ ಇದ್ದಳು. ಕೊನೆಗೆ ಸುಸ್ತಾಗಿ ಬಿಟ್ಟಳು. ನೀರು ತಲೆಯನ್ನೂ ಹಿಡಿದುಕೊಂಡಿತು. ಎದೆಯ ಡವಡವ ಕಿವಿಯೊಳಗೇ ಕೇಳಿಸಿತು. ಮೈ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಗೊತ್ತಾಗಲಿಲ್ಲ ಎಂದು ಆಮೇಲೆ ನನಗೆ ಹೇಳಿದಳು, ಕಳ್ಳತನ ಒಪ್ಪಿಕೊಳ್ಳುವವಳ ಹಾಗೆ.

ಹೊರಬಂದವಳ ಮುಖ ಮಾತ್ರ ಗಂಟಿಕ್ಕಿತ್ತು.

"ಹಿಡಿಸಲಿಲ್ವಾ ಆಂಟಿ?"

"ಹಿಡಿಸ್ತು. ಅದಕ್ಕೇ ಸಿಟ್ಟು. ಇವರ ಸೊಂಟ ವಾಸಿ ಮಾಡಿಬಿಟ್ಟಿದ್ದೀರಲ್ಲ."

"ಅಯ್ಯೋ, ವಾಸಿ ಎಲ್ಲಿಂದ? ಇದು ಔಷಧಿ ಅಂತ ಎಲ್ಲರೂ ತಪ್ಪು ತಿಳ್ಕೊಳ್ತಾರೆ. ಎರಡು ಮೂರು ದಿನ ಹಗುರ ಆಗುತ್ತೆ, ಆಮೇಲೆ ಮತ್ತೆ ಹಿಡ್ಕೊಳ್ಳುತ್ತೆ. ಅಂಕಲ್‌ಗೂ ಅಷ್ಟೇ. ಬರುವಾಗ ಪ್ರತಿ ಸಲ ಗೋಡೆ ಹಿಡ್ಕೊಂಡೇ ಬರ್ತಾರೆ."

ಅಕ್ಕ ಒದ್ದೆ ತಲೆಯಲ್ಲೇ ಮನೆಗೆ ನಡೆದಳು. ಪಂಪಣ್ಣ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ, ತೀರಾ ನೆಟ್ಟಗೆ. ಅವಳು ಹಿಂದಿನಿಂದ ಹೋಗಿ, ಹಳೆಯ ಲಾಠಿಯೇಟಿನ ಜಾಗಕ್ಕೆ ಹೆಬ್ಬೆರಳು ಊರಿದಳು. ಅವನು ಕುರ್ಚಿ ಸಮೇತ ಹಾರಿದ.

"ನೋವಿಲ್ಲ ಅಂದ್ರಲ್ಲ?"

"ಇದೆ."

"ಯಾವಾಗಿಂದ?"

"ಯಾವಾಗ ಇರಲಿಲ್ಲ? ಅಲ್ಲಿಂದ ಬಂದ ದಿನ ಇರಲ್ಲ. ಆಮೇಲೆ ಬರುತ್ತೆ. ವಾಸಿಯಾಯ್ತು ಅಂತ ನಿನ್ನ ಮುಂದೆ ಜಂಬ ಕೊಚ್ಚಿಕೊಂಡಿದ್ದೆ, ಹೇಗೆ ಹೇಳಲಿ? ನಿನ್ನ ಕೈ ನೋಡಿದ್ದೀಯಾ? ಸಂಜೆ ಹೊತ್ತಿಗೆ ಬೆರಳು ಮಡಿಸೋಕಾಗಲ್ಲ ನಿಂಗೆ."

ಗಂಡನಿಗೆ ನೋವಿದೆಯೆಂದು ಕೇಳಿ ಇಷ್ಟು ಸಂತೋಷಪಟ್ಟ ಹೆಂಗಸನ್ನು ನಾನು ಕಂಡಿಲ್ಲ. ಮರುದಿನ ನನ್ನ ಅಂಗಿಗೆ ಗುಂಡಿ ಹಾಕಿಸಿ ಕೊಟ್ಟಳು.

ಈಗ ಆ ಗಂಟೆಯನ್ನು ಇಬ್ಬರೂ ಹಂಚಿಕೊಂಡಿದ್ದಾರೆ, ಒಂದು ವಾರ ಅವನು, ಒಂದು ವಾರ ಅವಳು. ತೊಟ್ಟಿಯ ಮೇಲಿನ ಹಗೆ ಮಾತ್ರ ತೀರಿಲ್ಲ. ಅವನ ಕಾಲರಿನ ಬಿಳಿ ಗೆರೆಯನ್ನು ಬ್ರಷ್ಷಿನಲ್ಲಿ ತಿಕ್ಕುವಾಗ ಅವಳು ಹಲ್ಲು ಕಚ್ಚಿರುತ್ತಾಳೆ. ತೇಲಿ ಬಂದ ದಿನವೂ ಚಾಪೆ ಹಾಸುತ್ತಾಳೆ.

"ಇವತ್ತು ನೋವಿಲ್ಲ ಕಣೇ, ನಿಜವಾಗ್ಲೂ" ಎನ್ನುತ್ತಾನೆ ಅವನು.

"ನೋವಿದ್ಯಾ ಅಂತ ಕೇಳಿದ್ನಾ? ಮಲಗ್ರೀ."

ಅವನು ಬೋರಲು ಮಲಗುತ್ತಾನೆ. ಚಾಪೆಗೆ ಮುಖ ಒತ್ತಿ, ಆ ದಿನದ ಸುದ್ದಿ ಹೇಳಲು ಶುರುಮಾಡುತ್ತಾನೆ.